ಚಿಕ್ಕಿ ಫೋಟೋಕ್ಕೆ ದೊಡ್ಡ ಕ್ಯಾಮೆರಾ ಬೇಡ, ಕತ್ತಲೆ ಬೇಕು



"ಆಕಾಶದ ಫೋಟೋ ತೆಗೆಯೋದು ನಮ್ಮಂಥವರ ಕೆಲಸ ಅಲ್ಲ. ಅದಕ್ಕ ಲಕ್ಷ ರೂಪಾಯಿ ಕ್ಯಾಮೆರಾ ಬೇಕು, ದುರ್ಬೀನು ಬೇಕು" ಎಂದು ನಮ್ಮ ವರ್ಗದಲ್ಲಿ ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಯಾಕೆ ಬದಲಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿರಿ.

ಕಳೆದ ಚಳಿಗಾಲದಲ್ಲಿ ಕಬ್ಬಿಗೆ ನೀರು ಬಿಡಲು ರಾತ್ರಿ ಕಾಕಾನ ಸಂಗಡ ಹೊಲಕ್ಕೆ ಹೋಗಿದ್ದೆ. ಅಮಾಸಿ ಹತ್ತಿರ ಬಂದಿತ್ತು. ನೆತ್ತಿಯ ಹತ್ತಿರ ಮಹಾವ್ಯಾಧದ ಮೂರು ಚಿಕ್ಕಿ ಸಾಲಾಗಿ ನಿಂತಿದ್ದವು. ಕಾಕಾನ ಫೋನಿನಿಂದ ಒಂದು ಫೋಟೋ ಹೊಡೆದೆ. ನೋಡಿದರೆ ಬರೀ ಕರಿ ಹಾಳೆ! ಕಾಕಾ ನಕ್ಕ.

ಮರುದಿನ ವಿಜ್ಞಾನದ ಗುರುಗಳನ್ನು ಕೇಳಿದೆ. "ಸಣ್ಣಗೆ ಬರೋ ನಳಕ್ಕ ಕೊಡ ಇಟ್ಟು ಕಾಯ್ತೀಯಲ್ಲ, ಹಂಗ ಚಿಕ್ಕಿ ಬೆಳಕಿಗೂ ಕಾಯಬೇಕು" ಅಂದರು. ಚಿಕ್ಕಿಯ ಬೆಳಕು ಬಹಳ ಮಂದ. ಕ್ಯಾಮೆರಾದ ಶಟರ್ ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದರೆ ಸಾಲದು. ಹತ್ತು ಸೆಕೆಂಡಾದರೂ ತೆರೆದಿರಬೇಕು. ಅಲ್ಲಿಯವರೆಗೆ ಕ್ಯಾಮೆರಾ ಒಂದಿಷ್ಟೂ ಅಲುಗಬಾರದು.

ಅವರು ಹೇಳಿದಂತೆ ಮಾಡಿದೆ. ನೀವೂ ಮಾಡಬಹುದು. ಫೋನಿನಲ್ಲಿ 'ಪ್ರೊ' ಎಂಬ ವಿಭಾಗ ಇದ್ದರೆ ತೆರೆಯಿರಿ. ಐಎಸ್‌ಒ 800 ಅಥವಾ 1600 ಇಡಿ, ಶಟರ್ 10 ಸೆಕೆಂಡು ಇಡಿ, ಫೋಕಸ್ ಅತಿ ದೂರಕ್ಕೆ ಇಡಿ, ಫ್ಲ್ಯಾಶ್ ಬಂದ್ ಮಾಡಿ. ಸ್ಟ್ಯಾಂಡ್ ಇಲ್ಲವೇ? ಅರ್ಧ ತುಂಬಿದ ಜೋಳದ ಚೀಲದ ಮೇಲೆ ಫೋನನ್ನು ಒರಗಿಸಿ. ಬೆರಳು ತಾಗಿದಾಗ ಫೋನು ಅಲುಗುತ್ತದೆ, ಅದಕ್ಕೆ ಟೈಮರ್ ಹಚ್ಚಿ ದೂರ ಸರಿಯಿರಿ. ಮನೆಯಲ್ಲಿ ಹಳೆಯ ರೀಲಿನ ಕ್ಯಾಮೆರಾ ಇದ್ದು ಅದರ ಮೇಲೆ 'ಬಿ' ಎಂಬ ಗುರುತಿದ್ದರೆ, ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಅದರ ಶಟರ್ ತೆರೆದೇ ಇರುತ್ತದೆ.

ಹಾಗಂತ ಹೊತ್ತು ಬಹಳ ಆಗಬಾರದು. ಭೂಮಿ ತಾಸಿಗೆ 15 ಡಿಗ್ರಿ ತಿರುಗುತ್ತದೆ. ಅದರಿಂದ ಚಿಕ್ಕಿ ಚುಕ್ಕಿಯಾಗಿ ಬೀಳದೆ ಗೆರೆಯಾಗಿ ಬೀಳುತ್ತದೆ. ಇದಕ್ಕೊಂದು ಸುಲಭ ಲೆಕ್ಕವಿದೆ. 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ. ರೀಲಿನ ಕ್ಯಾಮೆರಾದ 50 ಮಿ.ಮೀ. ಲೆನ್ಸಿಗೆ 10 ಸೆಕೆಂಡು ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಗೆರೆ. ಗೆರೆಯೇ ಬೇಕೆಂದರೆ ಧ್ರುವದ ಕಡೆ ಕ್ಯಾಮೆರಾ ತಿರುಗಿಸಿ. ನಮ್ಮ ಅಲಖನೂರಿನಿಂದ ನೋಡಿದರೆ ಧ್ರುವ ಉತ್ತರ ದಿಕ್ಕಿನಲ್ಲಿ ನೆಲದಿಂದ ಸುಮಾರು 16 ಡಿಗ್ರಿ ಮೇಲಿದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ ಒಂದೂವರೆ ಮುಷ್ಟಿ ಮೇಲೆ ಹುಡುಕಿರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎರಡನೇ ಸಲ ಹೊಲಕ್ಕೆ ಹೋದಾಗ ಮೂರೂ ಚಿಕ್ಕಿ ಫೋಟೋದಲ್ಲಿ ಬಿದ್ದವು. ಆದರೆ ಆಕಾಶ ಬೂದಿ ಬಣ್ಣ ಕಂಡಿತು. ಕಾಕಾ ಪಂಪಿನ ಮನೆಯ ಬಲ್ಬು ಬಂದ್ ಮಾಡಿದ. ಮತ್ತೊಂದು ಫೋಟೋ ತೆಗೆದೆ. ಅದೇ ಫೋನು, ಅದೇ ಜೋಳದ ಚೀಲ, ಆದರೆ ಈ ಸಲ ಚಿಕ್ಕಿ ಎಣಿಸಿ ಮುಗಿಸಲು ಆಗಲಿಲ್ಲ. ಒಂದು ಬಲ್ಬು ಆರಿಸಿದ್ದು ಹೊಸ ಕ್ಯಾಮೆರಾ ಕೊಂಡದ್ದಕ್ಕಿಂತ ಹೆಚ್ಚಾಯಿತು. ಎರಡೂ ಫೋಟೋ ಕೆಳಗೆ ಅಂಟಿಸಿದ್ದೇನೆ, ನೀವೇ ನೋಡಿ.

ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ದೂರದರ್ಶಕ ಇದೆ. ಅದನ್ನು ನಡೆಸುವುದು ನಮ್ಮ ಬೆಂಗಳೂರು ಹತ್ತಿರದ ಹೊಸಕೋಟೆಯಿಂದ. 2022ರಲ್ಲಿ ಹಾನ್ಲೆಯ ಸುತ್ತಲಿನ ಊರುಗಳನ್ನು ಕತ್ತಲೆ ಆಕಾಶದ ರಕ್ಷಿತ ಪ್ರದೇಶವೆಂದು ಗೊತ್ತು ಮಾಡಿದರು. ಅಷ್ಟು ದೊಡ್ಡ ದೂರದರ್ಶಕಕ್ಕೂ ಊರಿನವರು ದೀಪ ತಗ್ಗಿಸಿ ಸಹಕರಿಸಬೇಕು ಎಂದರೆ ನಮ್ಮ ಫೋನಿನ ಪಾಡೇನು?

"ದೀಪ ಇಲ್ಲದಿದ್ದರ ಹಾವು ಚೇಳು ಕಾಣಂಗಿಲ್ಲ, ಹೆಣ್ಣುಮಕ್ಕಳು ಹೆಂಗ ಓಡಾಡಬೇಕು?" ಎಂದು ನಮ್ಮವ್ವ ಕೇಳಿದಳು. ಆ ಮಾತು ಖರೇ. ದೀಪ ಬೇಡ ಎಂದು ನಾನು ಹೇಳುತ್ತಿಲ್ಲ. ದೀಪಕ್ಕೆ ಮೇಲೊಂದು ಟೊಪ್ಪಿಗೆ ಇರಲಿ, ಬೆಳಕು ನಡೆಯುವ ದಾರಿಗೆ ಬೀಳಲಿ. ಆಕಾಶಕ್ಕೆ ಹೋಗುವ ಬೆಳಕಿನಿಂದ ಹಾವೂ ಕಾಣುವುದಿಲ್ಲ, ಚಿಕ್ಕಿಯೂ ಕಾಣುವುದಿಲ್ಲ. ಬಿಲ್ಲು ಮಾತ್ರ ಬರುತ್ತದೆ!

ಗುರುಗಳಲ್ಲಿ ನನ್ನದೊಂದು ವಿನಂತಿ. ಬರುವ ಅಮಾಸಿಯ ಸಂಜೆ ಶಾಲೆಯ ಮೈದಾನದ ದೀಪವನ್ನು ಒಂದೇ ತಾಸು ಬಂದ್ ಮಾಡೋಣ. ಪಾಲಕರು ಸಂಗಡ ಬರಲಿ. ಇದ್ದವರು ಫೋನು ತರಲಿ, ಇಲ್ಲದವರು ಕಣ್ಣು ತಂದರೆ ಸಾಕು. ತೆಗೆದ ಫೋಟೋಗಳನ್ನು ಮುಂದಿನ ಗೋಡೆ ಪತ್ರಿಕೆಗೆ ಅಂಟಿಸೋಣ. ಪಟ್ಟಣದವರು ಕತ್ತಲೆ ಹುಡುಕಿಕೊಂಡು ರೊಕ್ಕ ಖರ್ಚು ಮಾಡಿ ದೂರ ಹೋಗುತ್ತಾರೆ. ನಮ್ಮ ಮನೆಯ ಮಾಳಿಗೆ ಮೇಲೆ ಅದು ಇನ್ನೂ ಸ್ವಲ್ಪ ಉಳಿದಿದೆ. ಅದೂ ಹೋದ ಮೇಲೆ ಎಂಥ ಕ್ಯಾಮೆರಾ ತಂದರೇನು?

ಏನಂತೀರಿ? ನಿಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿರಿ.

ನಿಮ್ಮ ವರ್ಗಮಿತ್ರ