ನಕಲಿನಲ್ಲಿ ಎಣಿಕೆ ತಪ್ಪಿದರೆ

ಮಕ್ಕಳೇ, ‘ರಾಮ’ ಎಂದು ಬಿಡದೆ ನೂರು ಸಲ ಬರೆಯಿರಿ. ಒಂದು ಹೆಚ್ಚೋ ಕಮ್ಮಿಯೋ ಆಗಿರುತ್ತದೆ. ಲೆಡ್ಜರಿನಲ್ಲಿ ಒಂದೇ ಮೊತ್ತ ಸಾಲಾಗಿ ಬಂದರೂ ಹೀಗೇ, ಕಣ್ಣು ಜಾರುತ್ತದೆ.

ಮೂಗು-ಗಂಟಲಲ್ಲಿ ಬದುಕುವ ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಕ್ಕೂ ಅದೇ ಪಾಡು. ಅದರ ಕೆಲವು ಜೀನ್‌ಗಳಲ್ಲಿ ‘ಸಿಎಎಟಿ’ ಎಂಬ ನಾಲ್ಕು ಡಿಎನ್‌ಎ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಬ್ಯಾಕ್ಟೀರಿಯ ಒಂದು ಎರಡಾಗುವ ಮುನ್ನ ಡಿಎನ್‌ಎ ನಕಲಾಗಬೇಕಲ್ಲ, ಆಗ ಎಳೆ ಜಾರಿ ಒಂದು ‘ಸಿಎಎಟಿ’ ಸೇರುತ್ತದೆ, ಇಲ್ಲವೇ ಬಿಟ್ಟುಹೋಗುತ್ತದೆ. ಜೀನನ್ನು ಓದುವುದು ಮೂರು ಮೂರಕ್ಷರವಾಗಿ. ನಾಲ್ಕು ಸೇರಿದರೆ ಮುಂದಿನದೆಲ್ಲ ಅಡ್ಡಾದಿಡ್ಡಿ, ಜೀನ್ ಬಂದ್! ಜಾರಿದ್ದು ಮರಳಿದರೆ ಮತ್ತೆ ಚಾಲೂ. ಹೀಗೆ ಹೊರಮೈ ಬದಲಿಸಿ ಅದು ನಮ್ಮ ಮೈಯ ಕಾವಲಿನಿಂದ ತಪ್ಪಿಸಿಕೊಳ್ಳುತ್ತದೆ.

ಇದರ ‘ಬಿ’ ಬಗೆ ಹಸುಗೂಸಿಗೆ ಮಿದುಳುಜ್ವರ ತರುವಂಥದ್ದು. ಲಸಿಕೆ ಗುರಿಯಿಡುವುದು ಈ ಜಾರುವ ಭಾಗಕ್ಕಲ್ಲ, ಮೇಲಿನ ಕವಚಕ್ಕೆ. ಅಜ್ಜಿಯರೇ, 6, 10, 14ನೇ ವಾರದ ಪೆಂಟಾವ್ಯಾಲೆಂಟ್ ಚುಚ್ಚುಮದ್ದಿನಲ್ಲಿ ಅದೂ ಸೇರಿದೆ.