ಮೆಟ್ಟಿಲು ನುಂಗಿದ ರಸ್ತೆ

ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಅಲ್ಲಿನ ನಮ್ಮ ಹಳೇ ಮನೆಗೆ, ನಾನು ಹುಡುಗನಾಗಿದ್ದಾಗ, ಬೀದಿಯಿಂದ ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಉಳಿದಿರುವುದು ಒಂದೇ. ಮಿಕ್ಕ ಎರಡನ್ನು ಯಾರೂ ಕದ್ದಿಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮೇಲೆ ಬಂದಿದೆ. ಹೋದ ಮಳೆಗಾಲದಲ್ಲಿ ನೀರು ಹೊಸ್ತಿಲು ದಾಟಿತು. ಅಜ್ಜಿಯ ರಂಗೋಲಿ ಡಬ್ಬಿ ನಡುಮನೆಯಲ್ಲಿ ತೇಲುತ್ತಿತ್ತು.

"ತಾತ, ಅಗೀದೇನೇ ರಸ್ತೆ ಎಷ್ಟು ದಪ್ಪ ಇದೆ ಅಂತ ಗೊತ್ತಾಗುತ್ತಾ?" ಎಂದಳು ಮೊಮ್ಮಗಳು.

ಗೊತ್ತಾಗುತ್ತೆ. ಅದಕ್ಕೊಂದು ರೇಡಾರ್ ಇದೆ. ಗಾಡಿಗೆ ಕಟ್ಟಿದ ಪೆಟ್ಟಿಗೆ ರೇಡಿಯೊ ಅಲೆಗಳನ್ನು ನೆಲಕ್ಕೆ ಬಿಡುತ್ತದೆ. ಡಾಂಬರು ಮುಗಿದು ಜಲ್ಲಿ ಶುರುವಾಗುವ ಕಡೆ ಅಲೆಯ ಒಂದು ಪಾಲು ವಾಪಸು ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದೇ ಲೆಕ್ಕ. 1929ರಲ್ಲಿ ಆಸ್ಟ್ರಿಯಾದಲ್ಲಿ ಹಿಮನದಿಯ ಆಳವನ್ನೂ ರೇಡಿಯೊ ಅಲೆಯಿಂದಲೇ ಅಳೆದಿದ್ದರು.

ಇಲ್ಲಿ ಹೊತ್ತು ಅಂದರೆ ನ್ಯಾನೊಸೆಕೆಂಡು, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ರೇಡಿಯೊ ಅಲೆ ಗಾಳಿಯಲ್ಲಿ 30 ಸೆಂ.ಮೀ. ಓಡುತ್ತದೆ, ನಿಮ್ಮ ಸ್ಕೂಲಿನ ಉದ್ದ ಸ್ಕೇಲಿನಷ್ಟು! ಡಾಂಬರಿನೊಳಗೆ ನಿಧಾನ, 12 ಸೆಂ.ಮೀ. ಎಂದುಕೊಳ್ಳಿ. ರಸ್ತೆಯ ಮೇಲ್ಮೈಯಿಂದ ಮರಳಿದ ಅಲೆಗೂ ಡಾಂಬರಿನ ತಳದಿಂದ ಮರಳಿದ ಅಲೆಗೂ 2 ನ್ಯಾನೊಸೆಕೆಂಡು ಅಂತರವಿದ್ದರೆ ಡಾಂಬರು ಎಷ್ಟು ದಪ್ಪ?

ನಮ್ಮ ಪುಟ್ಟಿ ತಟ್ಟನೆ "24" ಎಂದಳು. ತಪ್ಪು! ಹೋಗಿ ಬರುವ ದಾರಿ ಸೇರಿ 24. ದಪ್ಪ 12 ಸೆಂ.ಮೀ.

ಆದರೆ ಮಳೆ ನಿಂತ ಮರುದಿನ ಅಳೆದರೆ ಮೋಸ. ನೀರಿನಲ್ಲಿ ಈ ಅಲೆಯ ವೇಗ ಗಾಳಿಯಲ್ಲಿರುವುದರ ಸುಮಾರು ಒಂಬತ್ತನೇ ಒಂದು ಪಾಲು. ನೆನೆದ ರಸ್ತೆಯಿಂದ ಅಲೆ ತಡವಾಗಿ ಬರುತ್ತದೆ, ಇಲ್ಲದ ದಪ್ಪ ಕಾಣಿಸುತ್ತದೆ. ಅದಕ್ಕೇ ಒಂದೆರಡು ಕಡೆಯಾದರೂ ರಸ್ತೆ ಕೊರೆದು, ಉರುಳೆಯಂಥ ತುಂಡು ತೆಗೆದು, ಪಟ್ಟಿ ಹಿಡಿದು ನೋಡಲೇಬೇಕು. ಲೆಡ್ಜರಿನಲ್ಲಿ ಮೊತ್ತ ಸರಿಯಿದೆ ಎಂದು ಕ್ಯಾಷ್ ಎಣಿಸದೆ ನಾವು ಯಾವತ್ತಾದರೂ ಬ್ಯಾಂಕಿನ ಬಾಗಿಲು ಹಾಕಿದ್ದೆವೇ? ಬರೇ ಕೊರೆದು ನೋಡಿದರೂ ಸಾಲದು, ಅದು ಆ ತೂತಿನ ಸುದ್ದಿಯಷ್ಟೇ. ರೇಡಾರ್ ಬೀದಿಯ ಉದ್ದಕ್ಕೂ ಹೇಳುತ್ತದೆ. ಬಿಲ್ಲಿನಲ್ಲಿ ಬರೆದಷ್ಟು ಡಾಂಬರು ಬಿದ್ದಿದೆಯೇ ಎಂಬುದೂ ಆಗ ಬಯಲಾಗುತ್ತದೆ.

ನಮ್ಮ ಬೀದಿಗೆ ಬೇಕಿರುವುದು ಇನ್ನೊಂದು ಪದರವಲ್ಲ, ಹಳೆಯದನ್ನು ಕೆರೆದು ತೆಗೆಯುವ ಯಂತ್ರ. ಎಷ್ಟು ಕೆರೆಯಬಹುದು ಎಂದು ತಿಳಿಯಲೂ ಮೊದಲು ದಪ್ಪ ಗೊತ್ತಿರಬೇಕು.

ಮೊನ್ನೆ ಪುಟ್ಟಿ ಸ್ಕೇಲು ತಂದು ಉಳಿದ ಮೆಟ್ಟಿಲನ್ನು ಅಳೆದಳು. 14 ಸೆಂ.ಮೀ. ತಾರೀಖಿನ ಸಮೇತ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ.