ಆಟದ ಭೂಪಟದಲ್ಲಿ ಕಡಲಿನ ದೂರ

ಚೆನ್ನೆಮಣೆಯ ಗುಳಿಗಳಿಗೆ ಊರಿನ ಹೆಸರಿಲ್ಲ. ಅವು ಸಮನಾಗಿದ್ದರೆ ಸಾಕು. ಆದರೆ ಹಲಗೆಯ ಮೇಲೆ ಐಸ್‌ಲ್ಯಾಂಡ್, ಫ್ರಾನ್ಸ್ ಎಂದು ಅಚ್ಚುಹಾಕಿ, ಇದು 1941ರ ನೌಕಾಯುದ್ಧವೆಂದು ಹೇಳಿ ಮಕ್ಕಳ ಕೈಗಿತ್ತ ಮೇಲೆ ಆ ಹಲಗೆ ಭೂಗೋಳಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. 'ಆಟ ತಾನೆ, ಭೂಪಟ ತುಸು ಹೆಚ್ಚುಕಮ್ಮಿಯಾದರೇನು' ಎಂಬ ಮಾತನ್ನು, ಭೂಗೋಳ ಪಾಠ ಮಾಡುವ ನಾವಂತೂ ಒಪ್ಪಲಾರೆವು.

ಅಮೆರಿಕದ ಅವಲಾನ್ ಹಿಲ್ ಸಂಸ್ಥೆ 1962ರಲ್ಲಿ 'ಬಿಸ್ಮಾರ್ಕ್' ಎಂಬ ಆಟವನ್ನು ಹೊರತಂದಿತು. ಆ ಜರ್ಮನ್ ಯುದ್ಧನೌಕೆಯ ಕತೆಯೆಲ್ಲ ದೂರದ ಕತೆ, ಎಣ್ಣೆಯ ಕತೆ. ನಾರ್ವೆಯಲ್ಲಿ ನಿಂತಾಗ ಅದು ಎಣ್ಣೆ ತುಂಬಿಸಿಕೊಳ್ಳಲಿಲ್ಲ. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯಲ್ಲಿ ನುಸುಳಿ ಬಂದು ಮೇ 24ರಂದು ಬ್ರಿಟಿಷರ 'ಹುಡ್' ನೌಕೆಯನ್ನು ಮುಳುಗಿಸಿತು. ತಾನೂ ಏಟು ತಿಂದು ಎಣ್ಣೆ ಕಳೆದುಕೊಂಡಿತು. ಫ್ರಾನ್ಸಿನ ಬಂದರನ್ನು ಮುಟ್ಟುವ ಮೊದಲೇ, ಮೇ 27ರಂದು ಸಮುದ್ರದ ಪಾಲಾಯಿತು. ದಾರಿ ಒಂದು ದಿನದಷ್ಟು ಕಿರಿದಾಗಿದ್ದರೆ ಚರಿತ್ರೆಯ ಆ ಪುಟ ಬೇರೆ ಇರಬಹುದಿತ್ತು.

ಈಗ ಲೆಕ್ಕ ನೋಡೋಣ. ಶಾಲೆಯ ಗೋಡೆಯಲ್ಲಿ ತೂಗುವ ಮರ್ಕೇಟರ್ ಮಾದರಿಯ ಭೂಪಟದಲ್ಲಿ ಉತ್ತರಕ್ಕೆ ಹೋದಷ್ಟೂ ನೆಲ, ನೀರು ಎರಡೂ ಹಿಗ್ಗುತ್ತವೆ. ಆಫ್ರಿಕ ಗ್ರೀನ್‌ಲ್ಯಾಂಡಿನ 14 ಪಟ್ಟು ದೊಡ್ಡದು. ಆ ಪಟದಲ್ಲಿ ಎರಡೂ ಸುಮಾರಾಗಿ ಸಮ ಕಾಣುತ್ತವೆ. ಇಂಥ ಪಟದ ಮೇಲೆ ಒಂದೇ ಅಳತೆಯ ಮನೆಗಳನ್ನು ಗೀಚಿದರೆ, 48 ಡಿಗ್ರಿ ಅಕ್ಷಾಂಶದ ಬ್ರೆಸ್ಟ್ ಬಂದರಿನ ಬಳಿ 100 ಮೈಲಿ ತೋರುವ ಮನೆ, 66 ಡಿಗ್ರಿಯ ಡೆನ್ಮಾರ್ಕ್ ಜಲಸಂಧಿಯಲ್ಲಿ ಸುಮಾರು 60 ಮೈಲಿ ಮಾತ್ರ. ಸರದಿಗೆ ಇಷ್ಟು ಮನೆ ಎಂಬ ನಿಯಮವಿದ್ದಲ್ಲಿ ಹಡಗು ಉತ್ತರದಲ್ಲಿ ಕುಂಟುತ್ತದೆ, ದಕ್ಷಿಣದಲ್ಲಿ ಓಡುತ್ತದೆ. ಬೆನ್ನಟ್ಟುವವರಿಗೆ ಸಿಗುವ ಹೊತ್ತೇ ಸುಳ್ಳಾಗುತ್ತದೆ.

1984ರಲ್ಲಿ ಮಿಲ್ಟನ್ ಬ್ರಾಡ್ಲಿ ಸಂಸ್ಥೆ ಹೊರತಂದ 'ಆಕ್ಸಿಸ್ ಅಂಡ್ ಅಲೈಸ್' ಆಟದಲ್ಲಿ ಹಡಗು ಸರದಿಗೆ ಎರಡು ಕಡಲ ವಲಯ ಸಾಗಬಹುದು. ವಲಯ ಹಿರಿದೋ ಕಿರಿದೋ, ಕೇಳುವವರಿಲ್ಲ. ಯುರೋಪಿನಲ್ಲಿ ಕಾಯಿಗಳ ಸಂದಣಿ ಹೆಚ್ಚು, ಹಾಗಾಗಿ ಅದನ್ನು ಹಿಗ್ಗಿಸುತ್ತಾರೆ. ಅದಕ್ಕೆ ನಮ್ಮ ತಕರಾರಿಲ್ಲ. ನೆಲದ ಆಕಾರ ಕೆಟ್ಟರೆ ಮಕ್ಕಳ ಕಣ್ಣಿಗಾದರೂ ಬೀಳುತ್ತದೆ. ಕಡಲಿನ ದೂರ ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಮನೆ ಎಷ್ಟು ಮೈಲಿ, ಯಾವ ಅಕ್ಷಾಂಶದಲ್ಲಿ ಎಂದು ಹಲಗೆಯ ಮೂಲೆಯಲ್ಲಿ ಎರಡು ಸಾಲು ಅಚ್ಚುಹಾಕುವುದು ದೊಡ್ಡ ಖರ್ಚೇನಲ್ಲ. ಉತ್ತರದ ಮನೆಗಳಲ್ಲಿ ಹಡಗಿಗೆ ಹೆಚ್ಚು ನಡೆ ಕೊಟ್ಟರೂ ಆದೀತು. ಇಂಥ ಆಟವನ್ನು ಮನೆಗೆ ತಂದ ಹಿರಿಯರು ಪಕ್ಕದಲ್ಲಿ ಒಂದು ಗೋಳವನ್ನೂ ತುಂಡು ನೂಲನ್ನೂ ಇಟ್ಟು, ನಾರ್ವೆಯಿಂದ ಬ್ರೆಸ್ಟಿನವರೆಗಿನ ಆ ಸುತ್ತುದಾರಿಯನ್ನು ಮಕ್ಕಳಿಂದಲೇ ಅಳೆಸಲಿ.